ಬೆಂಕಿ ಕೊನೆಗೆ, ನೀರು ಮೊದಲು

ಸಂಜೆ ಏಳರ ಹೊತ್ತಿಗೆ ಕಾಮಾಕ್ಷಿಪಾಳ್ಯದ ಒಳರಸ್ತೆಗಳಲ್ಲಿ ಮನೆ ಯಾವುದು, ಕಾರ್ಖಾನೆ ಯಾವುದು ಎಂದು ಹೇಳುವುದು ಕಷ್ಟ. ಮೇಲಿನ ಮಹಡಿಯಲ್ಲಿ ಕುಕ್ಕರ್ ಕೂಗುತ್ತಿರುತ್ತದೆ, ಕೆಳಗೆ ಅರ್ಧ ಎಳೆದ ಶಟರಿನ ಹಿಂದೆ ಲೇಥ್ ತಿರುಗುತ್ತಿರುತ್ತದೆ. ಇಂಥದ್ದೊಂದು ಶಟರಿನ ಮುಂದೆ ಟೆಂಪೊ ರಿವರ್ಸ್ ಬಂದು ನಿಲ್ಲುತ್ತದೆ. ನಾಲ್ಕೈದು ಮಂದಿ ಸೇರಿ ಬೀರುವಿನಷ್ಟು ಎತ್ತರದ ಬೂದು ಬಣ್ಣದ ಪೆಟ್ಟಿಗೆಯೊಂದನ್ನು ಪೈಪುಗಳ ಮೇಲೆ ಉರುಳಿಸಿಕೊಂಡು ಒಳಗೆ ತಳ್ಳುತ್ತಾರೆ. ಮುಂಭಾಗದಲ್ಲಿ ಮುಳ್ಳಿನ ಮೂರು ಮೀಟರುಗಳು, ಒಂದರ ಗಾಜು ಒಡೆದಿದೆ. ಕೆಂಪು, ಹಸಿರು ಗುಂಡಿಗಳಿವೆ. ಹೊಟ್ಟೆಯ ಭಾಗದಿಂದ ಎರಡು ತಾಮ್ರದ ಕೊಳವೆಗಳು ಹೊರಗೆ ಚಾಚಿಕೊಂಡಿವೆ.

‘ಏನ್ರೀ ಇದು, ವೆಲ್ಡಿಂಗ್ ಮಿಷನ್ನಾ?’ ಎಂದು ಎದುರುಮನೆಯವರು ಕೇಳುತ್ತಾರೆ. ‘ಇಂಡಕ್ಷನ್ ಹೀಟರ್ ಸಾರ್, ಹಳೇದು. ಓಡುತ್ತೋ ಇಲ್ವೋ ನೋಡಬೇಕು’ ಎಂಬ ಉತ್ತರ ಬರುತ್ತದೆ.

ಹೀಗೆ ಬಂದಿಳಿದ ಯಂತ್ರವನ್ನು ರಿಪೇರಿ ಮಾಡಿ ಮತ್ತೆ ಓಡಿಸುವುದು ಒಂದೆರಡು ದಿನದ ಕೆಲಸವಲ್ಲ. ಅದರಲ್ಲಿ ಕಬ್ಬಿಣ ಕೆಂಪಗಾಗುವುದು ಕೊನೆಯ ಕೆಲವೇ ನಿಮಿಷ. ಅಲ್ಲಿಯವರೆಗೆ ನಡೆಯುವುದೆಲ್ಲ ಒರೆಸುವುದು, ನೀರು ಹರಿಸುವುದು, ಅಳೆಯುವುದು, ಕಾಯುವುದು. ಈ ಕ್ರಮ ತಪ್ಪಿಸಿ ನೇರವಾಗಿ ಸ್ವಿಚ್ ಒತ್ತಿದರೆ ಯಂತ್ರ ಸುಡುತ್ತದೆ, ಇಲ್ಲವೇ ಮನುಷ್ಯ.

ಬೆಂಕಿಯೇ ಇಲ್ಲದೆ ಕಾಯುವ ಕಬ್ಬಿಣ

ಅಡುಗೆಮನೆಯ ಇಂಡಕ್ಷನ್ ಒಲೆ ಈಗ ಎಲ್ಲರಿಗೂ ಪರಿಚಿತ. ಅದು ಗಾಜನ್ನು ನೇರವಾಗಿ ಕಾಯಿಸುವುದಿಲ್ಲ, ಪಾತ್ರೆಯ ತಳವೇ ಬಿಸಿಯಾಗುತ್ತದೆ. ಕಾರ್ಖಾನೆಯ ಇಂಡಕ್ಷನ್ ಹೀಟರ್ ಇದರ ಹಿರಿಯಣ್ಣ.

ತಾಮ್ರದ ಸುರುಳಿಯಲ್ಲಿ ವಿದ್ಯುತ್ ಅತಿ ವೇಗವಾಗಿ ದಿಕ್ಕು ಬದಲಿಸುತ್ತಿರುತ್ತದೆ. ಅದರ ಜೊತೆಗೆ ಸುರುಳಿಯೊಳಗಿನ ಕಾಂತಕ್ಷೇತ್ರವೂ ಬದಲಾಗುತ್ತದೆ. ಆ ಕ್ಷೇತ್ರದಲ್ಲಿ ಉಕ್ಕಿನ ತುಂಡು ಇಟ್ಟರೆ ಅದರ ಮೈಯಲ್ಲೂ ವಿದ್ಯುತ್ ಸುಳಿಗಳು ಹುಟ್ಟುತ್ತವೆ. ಉಕ್ಕು ಆ ಹರಿವಿಗೆ ಅಡ್ಡಿ ಒಡ್ಡುವುದರಿಂದ ತಾನೇ ಕಾಯುತ್ತದೆ. ಸುರುಳಿಗೂ ತುಂಡಿಗೂ ಎಲ್ಲೂ ತಾಗುವಿಕೆ ಇಲ್ಲ. ಇದರ ಮೂಲತತ್ತ್ವವನ್ನು ಮೈಕೆಲ್ ಫ್ಯಾರಡೆ 1831ರಲ್ಲೇ ಕಂಡುಕೊಂಡಿದ್ದರು.

ವಿದ್ಯುತ್ ಸೆಕೆಂಡಿಗೆ ಎಷ್ಟು ಸಲ ಅತ್ತ ಹೋಗಿ ಇತ್ತ ಬರುತ್ತದೆ ಎಂಬುದರ ಮೇಲೆ, ಅಂದರೆ ಫ್ರೀಕ್ವೆನ್ಸಿಯ ಮೇಲೆ, ಬಿಸಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ನಿಂತಿದೆ. ಮನೆಗೆ ಬರುವ ಕರೆಂಟಿನ 50 ಹರ್ಟ್ಸ್‌ನಲ್ಲಿ ಸುಳಿಗಳು ಕೆಂಪಗೆ ಕಾದ ಉಕ್ಕಿನೊಳಗೆ ಸುಮಾರು 7 ಸೆಂಟಿಮೀಟರ್ ಇಳಿಯುತ್ತವೆ. 10 ಕಿಲೋಹರ್ಟ್ಸ್‌ನಲ್ಲಿ 5 ಮಿಲಿಮೀಟರ್ ಆಸುಪಾಸು. 400 ಕಿಲೋಹರ್ಟ್ಸ್‌ಗೆ ಹೋದರೆ ಒಂದು ಮಿಲಿಮೀಟರಿಗೂ ಕಡಿಮೆ.

ಇದರಿಂದ ಸಣ್ಣ ಕಾರ್ಖಾನೆಗೆ ಆಗುವ ಉಪಯೋಗ ದೊಡ್ಡದು. ಗೇರಿನ ಹಲ್ಲು, ಶಾಫ್ಟಿನ ಮೈ ಸವೆಯದಷ್ಟು ಗಟ್ಟಿಯಾಗಬೇಕು, ಆದರೆ ಒಳಗಿನ ತಿರುಳು ಪೆಟ್ಟು ತಾಳುವಷ್ಟು ಮೆದುವಾಗಿ ಉಳಿಯಬೇಕು. ಮೇಲ್ಮೈಯನ್ನು ಮಾತ್ರ ಕೆಲವೇ ಸೆಕೆಂಡುಗಳಲ್ಲಿ 850ರಿಂದ 900 ಡಿಗ್ರಿಗೆ ಏರಿಸಿ ತಕ್ಷಣ ನೀರು ಹೊಡೆದರೆ ಕೆಲಸ ಮುಗಿಯಿತು. ಇಡೀ ತುಂಡನ್ನು, ವರ್ಕ್‌ಶಾಪಿನ ಮಾತಿನಲ್ಲಿ ಜಾಬನ್ನು, ಗಂಟೆಗಟ್ಟಲೆ ಫರ್ನೇಸಿನಲ್ಲಿ ಕಾಯಿಸುವ ಖರ್ಚು ತಪ್ಪುತ್ತದೆ. ಲೇಥ್ ಟೂಲಿನ ತುದಿಗೆ ಕಾರ್ಬೈಡ್ ಚೂರನ್ನು ಬೆಳ್ಳಿ ಬೆಸುಗೆಯಲ್ಲಿ ಕೂರಿಸುವುದಕ್ಕೂ ಇದೇ ಯಂತ್ರ ಸಾಕು.

ಪಡುವಣ ಬೆಂಗಳೂರಿಗೆ ಬಂದ ದಾರಿ

ರಾಜಾಜಿನಗರ ಕೈಗಾರಿಕಾ ಉಪನಗರಕ್ಕೆ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರ ಹೆಸರಿನೊಂದಿಗೆ 1949ರಲ್ಲಿ ಅಡಿಗಲ್ಲು ಬಿತ್ತು. ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ ಹುಟ್ಟಿದ್ದೂ ಅದೇ ವರ್ಷ. ಅದರ ಕಚೇರಿ ಈಗ ವಿಜಯನಗರದಲ್ಲಿದೆ. ಮೈಕೊ 1951ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಬಂದವು. ಇವುಗಳಿಗೆ ಬಿಡಿಭಾಗ ಮಾಡಿಕೊಡುವ ಜಾಬ್ ವರ್ಕ್ ಅಂಗಡಿಗಳು ಮಾಗಡಿ ರಸ್ತೆಯ ಎರಡೂ ಬದಿಗೆ ಹಬ್ಬಿದವು, ಮುಂದೆ ಪೀಣ್ಯದವರೆಗೂ ಬೆಳೆದವು. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ 1972ರಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಈ ಅಂಗಡಿಗಳಿಗೆ ಕೈಪಳಗಿದ ಹುಡುಗರನ್ನು ಕೊಟ್ಟಿತು.

ದೊಡ್ಡ ಕಾರ್ಖಾನೆಗಳಲ್ಲಿ ಆಗ ಇದ್ದದ್ದು ವಾಲ್ವ್ ಇಂಡಕ್ಷನ್ ಯಂತ್ರಗಳು. ರೇಡಿಯೊ ಕೇಂದ್ರದ ಟ್ರಾನ್ಸ್‌ಮಿಟರಿನಲ್ಲಿರುವಂಥ ದೊಡ್ಡ ಗಾಜಿನ ಅಥವಾ ಸೆರಾಮಿಕ್ ವಾಲ್ವೇ ಅವುಗಳ ಹೃದಯ. ಟ್ರಾನ್ಸ್‌ಮಿಟರ್ ವಾಲ್ವ್‌ಗಳನ್ನು ಜಾಲಹಳ್ಳಿಯ ಬಿಇಎಲ್ ಕೂಡ ತಯಾರಿಸುತ್ತಿತ್ತು.

ಕಾಲ ಬದಲಾಯಿತು. ಎನ್‌ಜಿಇಎಫ್ ಕಾರ್ಖಾನೆ ಮುಚ್ಚಿತು, ಎಚ್‌ಎಂಟಿ ವಾಚ್ ವಿಭಾಗಕ್ಕೆ 2016ರಲ್ಲಿ ಬೀಗ ಬಿತ್ತು. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಇದ್ದ ಜಾಗದಲ್ಲಿ ಈಗ ಒರಾಯನ್ ಮಾಲ್ ನಿಂತಿದೆ. ಉಳಿದ ಕಾರ್ಖಾನೆಗಳು ವಾಲ್ವ್ ಬಿಟ್ಟು ಸೆಮಿಕಂಡಕ್ಟರ್ ಯಂತ್ರಗಳಿಗೆ ಹೊರಳಿದವು. ಕಾರ್ಖಾನೆಗಳು ಕೈಬಿಟ್ಟ ಇಂಥ ಯಂತ್ರಗಳು ಹರಾಜಿನಲ್ಲಿ ತೂಕಕ್ಕೆ ಹೋಗಿ ಜಾಲಿ ಮೊಹಲ್ಲಾ, ನಾಯಂಡಹಳ್ಳಿಯಂಥ ಕಡೆಯ ಗುಜರಿ ಸೇರುತ್ತವೆ. ಅಲ್ಲಿಂದ ಒಂದೊಂದು, ಎಲೆಕ್ಟ್ರಾನಿಕ್ಸ್ ಹುಚ್ಚಿರುವ ನಿವೃತ್ತ ಫೋರ್‌ಮನ್ನರ, ಸಣ್ಣ ವರ್ಕ್‌ಶಾಪ್ ಮಾಲೀಕರ ಮನೆಯ ಕೆಳಮಹಡಿಗೆ ಬರುತ್ತದೆ.

ಬೀರುವಿನೊಳಗೆ ಏನಿದೆ?

ಬಾಗಿಲು ತೆಗೆದರೆ ಕೆಳಗೆ ಭಾರವಾದ ಟ್ರಾನ್ಸ್‌ಫಾರ್ಮರ್ ಕಾಣುತ್ತದೆ. 415 ವೋಲ್ಟಿನ ತ್ರೀ ಫೇಸ್ ಕರೆಂಟನ್ನು ಅದು ಹಲವು ಸಾವಿರ ವೋಲ್ಟಿಗೆ ಏರಿಸುತ್ತದೆ. ಮುಂದಿನ ಹಂತದ ರೆಕ್ಟಿಫೈಯರ್ ಅದನ್ನು ಒಂದೇ ದಿಕ್ಕಿಗೆ ಹರಿಯುವಂತೆ ಮಾಡುತ್ತದೆ. ಹಳೆಯ ಯಂತ್ರವಾದರೆ ಇಲ್ಲಿ ಪಾದರಸ ತುಂಬಿದ ಗಾಜಿನ ಕೊಳವೆಗಳಿರಬಹುದು. ಆಮೇಲೆ ವಾಲ್ವ್, ಅದರ ಪಕ್ಕ ಕೆಪಾಸಿಟರುಗಳು ಮತ್ತು ತಾಮ್ರದ ಸುರುಳಿ. ಈ ಮೂರೂ ಸೇರಿ ಲಕ್ಷಗಟ್ಟಲೆ ಹರ್ಟ್ಸ್‌ನ ವಿದ್ಯುತ್ತನ್ನು ಹುಟ್ಟಿಸಿ ಜಾಬನ್ನು ಕಾಯಿಸುವ ಹೊರಗಿನ ಸುರುಳಿಗೆ, ಅಂದರೆ ವರ್ಕ್ ಕಾಯಿಲಿಗೆ, ಕಳಿಸುತ್ತವೆ.

ಟ್ರಾನ್ಸ್‌ಫಾರ್ಮರ್, ತಾಮ್ರದ ಪಟ್ಟಿಗಳು, ಚೌಕಟ್ಟು ಸುಲಭಕ್ಕೆ ಹಾಳಾಗುವುದಿಲ್ಲ. ಹಾಳಾಗುವುದು ರಬ್ಬರ್ ಹೋಸು, ಕೆಪಾಸಿಟರು, ರಿಲೇ, ವಾಲ್ವು. ಜೊತೆಗೆ ಹಿಂದಿನವರು ಮಾಡಿಟ್ಟ ಜುಗಾಡುಗಳು ಬೇರೆ. ಬಾಗಿಲು ತೆರೆದರೆ ತಾನಾಗಿ ಕರೆಂಟು ಕಡಿಯಬೇಕಾದ ಸ್ವಿಚ್ಚಿಗೆ ಬೆಂಕಿಕಡ್ಡಿ ಸಿಕ್ಕಿಸಿಯೋ ತಂತಿ ಸುತ್ತಿಯೋ ಅದನ್ನು ಸುಮ್ಮನಾಗಿಸಿರುವುದು ಮಾಮೂಲು. ಅನುಭವಸ್ಥರು ಮೊದಲು ಹುಡುಕಿ ಕೀಳುವುದೇ ಇದನ್ನು.

ಕೈ ಹಾಕುವ ಮುನ್ನ

ಕರೆಂಟು ಕೊಡದಿದ್ದರೂ ಹಳೆಯ ಯಂತ್ರ ಅಪಾಯಕಾರಿ. 10,000 ವೋಲ್ಟಿಗೆ ತುಂಬಿದ 1 ಮೈಕ್ರೋಫ್ಯಾರಡ್ ಕೆಪಾಸಿಟರಿನಲ್ಲಿ 50 ಜೂಲ್ ಶಕ್ತಿ ಕೂತಿರುತ್ತದೆ. ಜೀವ ತೆಗೆಯಲು ಅಷ್ಟು ಸಾಕು. ಇನ್ನೂ ವಿಚಿತ್ರವೆಂದರೆ, ಒಮ್ಮೆ ಖಾಲಿ ಮಾಡಿದ ಕೆಪಾಸಿಟರು ಸ್ವಲ್ಪ ಹೊತ್ತಿಗೆ ತನ್ನಷ್ಟಕ್ಕೆ ತಾನೇ ಒಂದಷ್ಟು ವೋಲ್ಟೇಜು ತುಂಬಿಕೊಳ್ಳುತ್ತದೆ. ಒಳಗಿನ ನಿರೋಧಕ ಪದರದಲ್ಲಿ ಉಳಿದಿದ್ದ ಆವೇಶ ನಿಧಾನವಾಗಿ ಮತ್ತೆ ತುದಿಗಳಿಗೆ ಬರುವುದೇ ಕಾರಣ. ಆದ್ದರಿಂದ ಅರ್ತ್ ಮಾಡಿದ ಕೋಲಿನಿಂದ ಮುಟ್ಟಿ ಬಿಟ್ಟರೆ ಸಾಲದು. ಕೆಲಸ ಮುಗಿಯುವವರೆಗೂ ಎರಡೂ ತುದಿಗೆ ದಪ್ಪ ತಂತಿ ಕಟ್ಟಿಯೇ ಇಡಬೇಕು.

ಎರಡನೆಯ ಅಪಾಯ ಎಣ್ಣೆಯದು. 1980ರ ದಶಕಕ್ಕೂ ಹಿಂದಿನ ಕೆಲವು ಕೆಪಾಸಿಟರುಗಳಲ್ಲಿ, ಟ್ರಾನ್ಸ್‌ಫಾರ್ಮರುಗಳಲ್ಲಿ ಪಿಸಿಬಿ ಎಂಬ ರಾಸಾಯನಿಕ ದ್ರವ ಇರುತ್ತಿತ್ತು. ಅದಕ್ಕೆ ಸುಲಭಕ್ಕೆ ಬೆಂಕಿ ಹತ್ತುವುದಿಲ್ಲ ಎಂಬ ಗುಣ ಕಂಡು ಬಳಸಿದರು. ಮಣ್ಣಿಗೂ ಮೈಗೂ ಸೇರಿದರೆ ದಶಕಗಳ ಕಾಲ ಹೋಗುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಭಾರತದಲ್ಲಿ 2016ರ ಕೇಂದ್ರದ ಆದೇಶ ಇದರ ತಯಾರಿಕೆ, ಆಮದು ನಿಷೇಧಿಸಿ, ಬಳಕೆಗೆ 2025ರ ಡಿಸೆಂಬರ್ 31ರ ಗಡುವು ಕೊಟ್ಟಿತು. ಲೇಬಲ್ಲಿನಲ್ಲಿ ಅರೋಕ್ಲೋರ್, ಪೈರನಾಲ್, ಅಸ್ಕರೆಲ್ ಎಂಬ ಹೆಸರು ಕಂಡರೆ ಅಥವಾ ತಯಾರಾದ ವರ್ಷವೇ ಅನುಮಾನ ಹುಟ್ಟಿಸಿದರೆ ಡಬ್ಬಿ ಬಿಚ್ಚಬಾರದು, ಸೋರಿದ್ದನ್ನು ಬರಿಗೈಯಲ್ಲಿ ಮುಟ್ಟಬಾರದು, ಚರಂಡಿಗಂತೂ ಸುರಿಯಲೇಬಾರದು.

ಮೂರನೆಯದು ಕಲ್ನಾರು. ಶಾಖ ತಡೆಯಲು ಹಾಕಿದ ಬೂದು ಹಲಗೆ, ಹಗ್ಗಗಳು ಕಲ್ನಾರಿನವಾಗಿರಬಹುದು. ಒಣಗಿದ ಹಲಗೆಗೆ ಡ್ರಿಲ್ ಹಾಕಿದರೆ ಏಳುವ ದೂಳು ಶ್ವಾಸಕೋಶಕ್ಕೆ ಕುತ್ತು.

ಮೊದಲು ನೀರು

ಹೊಸಬರು ಕರೆಂಟಿನಿಂದ ಶುರು ಮಾಡುತ್ತಾರೆ, ಪಳಗಿದವರು ನೀರಿನಿಂದ. ವರ್ಕ್ ಕಾಯಿಲು ತಾಮ್ರದ ಕೊಳವೆ. ಅದರೊಳಗೆ ಸದಾ ನೀರು ಹರಿಯುತ್ತಿರಬೇಕು. ಕಾಯಿಲಿನಲ್ಲಿ ಹರಿಯುವುದು ನೂರಾರು ಆಂಪಿಯರ್. ನೀರು ನಿಂತರೆ ಕೆಲವೇ ಸೆಕೆಂಡುಗಳಲ್ಲಿ ತಾಮ್ರ ಮೆತ್ತಗಾಗಿ ಬೆಸುಗೆ ಬಿಟ್ಟುಕೊಳ್ಳುತ್ತದೆ. ವಾಲ್ವಿಗೂ ಇದೇ ನೀರು ಬೇಕು.

ಪಡುವಣ ಬೆಂಗಳೂರಿನ ನೀರಿನ ಕತೆ ಇಲ್ಲಿ ಅಡ್ಡ ಬರುತ್ತದೆ. 1933ರಿಂದ ತಿಪ್ಪಗೊಂಡನಹಳ್ಳಿಯ ಅರ್ಕಾವತಿ ನೀರು, ಆಮೇಲೆ ಕಾವೇರಿ ನೀರು ನಲ್ಲಿಗೆ ಬಂದರೂ ವರ್ಕ್‌ಶಾಪುಗಳು ಹೆಚ್ಚಾಗಿ ನೆಚ್ಚಿಕೊಂಡದ್ದು ಬೋರ್‌ವೆಲ್ ನೀರನ್ನು. ಅದರ ಸುಣ್ಣದಂಶ ಬಿಸಿ ತಾಮ್ರದ ಒಳಗೋಡೆಗೆ ಬಿಳಿಯ ಪದರವಾಗಿ ಕಟ್ಟುತ್ತದೆ. ಕೊಳವೆಯ ಒಂದು ತುದಿಗೆ ಬಾಯಿಟ್ಟು ಊದಿದರೆ ಇನ್ನೊಂದು ತುದಿಯಲ್ಲಿ ಗಾಳಿ ಬರುತ್ತದೋ ಇಲ್ಲವೋ ಎಂಬುದೇ ಮೊದಲ ಪರೀಕ್ಷೆ. ಸರಾಗವಾಗಿ ಬಾರದಿದ್ದರೆ ನಿಂಬೆ ಉಪ್ಪಿನ ತಿಳಿ ದ್ರಾವಣವನ್ನು ಸಣ್ಣ ಪಂಪಿನಲ್ಲಿ ಸುತ್ತಿಸುತ್ತಾರೆ, ಆಮೇಲೆ ಚೆನ್ನಾಗಿ ತೊಳೆಯುತ್ತಾರೆ. ಓಡಿಸುವಾಗ ತುಂಬುವುದು ಬ್ಯಾಟರಿಗೆ ಹಾಕುವಂಥ ಡಿಸ್ಟಿಲ್ಡ್ ನೀರು.

ನೀರಿನಿಂದ ತಂಪಾಗುವ ವಾಲ್ವಿನ ಆನೋಡು ಸಾವಿರಾರು ವೋಲ್ಟಿನಲ್ಲಿರುತ್ತದೆ. ನೀರು ತರುವ ಪಂಪು ಅರ್ತ್‌ಗೆ ಸೇರಿರುತ್ತದೆ. ಎರಡರ ನಡುವೆ ಇರುವುದು ಹೋಸಿನೊಳಗಿನ ನೀರು ಮಾತ್ರ. ವಿದ್ಯುತ್ ಆ ನೀರಿನಲ್ಲಿ ಸೋರಬಾರದೆಂದೇ ಹೋಸನ್ನು ಉದ್ದ ಮಾಡಿ ಸುರುಳಿ ಸುತ್ತಿರುತ್ತಾರೆ. ‘ಇಷ್ಟುದ್ದ ಯಾಕೆ’ ಎಂದು ಯಾರೋ ಒಮ್ಮೆ ಕತ್ತರಿಸಿ ಚಿಕ್ಕದು ಮಾಡಿದ್ದರೆ, ಅಥವಾ ಇಂಗಾಲ ಬೆರೆಸಿದ ಕಪ್ಪು ರಬ್ಬರ್ ಹೋಸು ಹಾಕಿದ್ದರೆ, ಯಂತ್ರ ಎಂದಿಗೂ ಸರಿಯಾಗಿ ಓಡುವುದಿಲ್ಲ. ಕಾರಣ ಹುಡುಕುತ್ತ ವಾಲ್ವ್ ಬದಲಿಸಿದವರೂ ಇದ್ದಾರೆ.

ಮೆಟ್ಟಿಲು ಹತ್ತಿದಂತೆ ಕರೆಂಟು

ನೀರು ಪಾಸಾದ ಮೇಲೆ ಮೆಗ್ಗರ್ ಹೊರಬರುತ್ತದೆ. ಟ್ರಾನ್ಸ್‌ಫಾರ್ಮರಿನ ಸುತ್ತುಗಳಿಗೂ ಮೈಗೂ ನಡುವಿನ ನಿರೋಧಕತೆಯನ್ನು ಅಳೆಯುವ ಸಾಧನವದು. ಗುಜರಿ ಅಂಗಳದಲ್ಲಿ ಒಂದು ಮಳೆಗಾಲ ಕಳೆದಿದ್ದರೆ ಸಾಕು, ಸುತ್ತುಗಳು ತೇವ ಹೀರಿರುತ್ತವೆ. ಆಗ ಪೆಟ್ಟಿಗೆಯೊಳಗೆ ಬಲ್ಬುಗಳನ್ನು ಹಚ್ಚಿಟ್ಟು ದಿನಗಟ್ಟಲೆ ಒಣಗಿಸುತ್ತಾರೆ. ಒಣಗುತ್ತ ಹೋದಂತೆ ಮೆಗ್ಗರಿನ ಮುಳ್ಳು ಮೇಲೇರಿದರೆ ಟ್ರಾನ್ಸ್‌ಫಾರ್ಮರ್ ಬದುಕಿದೆ ಎಂದು ಅರ್ಥ. ಒಣಗಿಸಿದರೂ ಏರದಿದ್ದರೆ ಮುಂದಿನ ಹೆಜ್ಜೆಯೇ ಇಲ್ಲ.

ಆಮೇಲೆ ಒಂದೊಂದೇ ಭಾಗಕ್ಕೆ ಕರೆಂಟು. ಮೊದಲು ಪಂಪು, ಫ್ಯಾನು, ರಿಲೇ. ನೀರು ನಿಲ್ಲಿಸಿದರೆ ಇಡೀ ಯಂತ್ರದ ಕರೆಂಟು ಕಡಿಯುತ್ತದೆಯೇ? ಬಾಗಿಲು ತೆಗೆದರೆ ನಿಲ್ಲುತ್ತದೆಯೇ? ಕೆಂಪು ಗುಂಡಿ ಒತ್ತಿದರೆ ಎಲ್ಲವೂ ಸ್ತಬ್ಧವಾಗುತ್ತದೆಯೇ? ಈ ಮೂರಕ್ಕೂ ‘ಹೌದು’ ಬಂದ ಮೇಲಷ್ಟೇ ವಾಲ್ವಿನ ಸರದಿ.

ವಾಲ್ವಿನ ಫಿಲಮೆಂಟು ತಣ್ಣಗಿದ್ದಾಗ ಅದರ ರೋಧ ಬಿಸಿಯಲ್ಲಿರುವುದಕ್ಕಿಂತ ತೀರಾ ಕಡಿಮೆ. ಒಮ್ಮೆಲೇ ಪೂರ್ತಿ ವೋಲ್ಟೇಜು ಕೊಟ್ಟರೆ ನುಗ್ಗುವ ಕರೆಂಟು ಅದನ್ನು ಮುರಿಯಬಹುದು. ಹಾಗಾಗಿ ವೋಲ್ಟೇಜನ್ನು ಬೇಕಾದಷ್ಟೇ ಕೊಡುವ ಡಿಮ್ಮರ್‌ಸ್ಟಾಟ್ ಇಟ್ಟು ನಿಧಾನವಾಗಿ ಏರಿಸುತ್ತಾರೆ. ವರ್ಷಾನುಗಟ್ಟಲೆ ಮೂಲೆಯಲ್ಲಿದ್ದ ವಾಲ್ವಾದರೆ, ಹೈ ವೋಲ್ಟೇಜು ಕೊಡದೆ ಬರೀ ಫಿಲಮೆಂಟನ್ನೇ ಗಂಟೆಗಟ್ಟಲೆ ಉರಿಸಿ ಬಿಡುತ್ತಾರೆ. ಒಳಗೆ ಬಿಡುಗಡೆಯಾಗಿದ್ದ ಅಲ್ಪಸ್ವಲ್ಪ ಅನಿಲವನ್ನು ಒಳಗಿನ ಲೋಹವೇ ಮತ್ತೆ ಹೀರಿಕೊಳ್ಳಲು ಇದು ಬಿಡುವು.

ಕೊನೆಗೆ ಹೈ ವೋಲ್ಟೇಜು, ಅದೂ ಕಾಲು ಭಾಗದಿಂದ ಶುರು. ಮೇನ್ ಲೈನಿನಲ್ಲಿ ಸರಣಿಯಾಗಿ ಹಳೆಯ ಫಿಲಮೆಂಟ್ ಬಲ್ಬುಗಳನ್ನು ಹಾಕಿರುತ್ತಾರೆ. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಝಗ್ಗೆಂದು ಉರಿಯುತ್ತದೆ, ಯಂತ್ರ ಉಳಿಯುತ್ತದೆ. ಈ ಹೊತ್ತಿನಲ್ಲಿ ಒಬ್ಬರೇ ಇರಬಾರದು. ಮೇನ್ ಸ್ವಿಚ್ಚಿನ ಪಕ್ಕ ಇನ್ನೊಬ್ಬರು ನಿಂತಿರಬೇಕು. ಉಂಗುರ, ವಾಚು, ಬಳೆ ಕಳಚಿಡಬೇಕು. ಕಾಯಿಲಿನ ಹತ್ತಿರ ಹೋದ ಉಂಗುರವೂ ಒಂದು ಜಾಬೇ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಆ ಕೋಣೆಗೇ ಬರಬಾರದು.

ಮುಳ್ಳು ಬಿದ್ದ ಕ್ಷಣ

ಅರ್ಧ ಕಿಲೋ ತೂಕದ ಉಕ್ಕಿನ ತುಂಡು ಕಾಯಿಲಿನ ನಡುವೆ. ಗುಂಡಿ ಒತ್ತಿದರೆ ಗುಂಯ್‌ ಎನ್ನುವ ಟ್ರಾನ್ಸ್‌ಫಾರ್ಮರಿನ ಸದ್ದು ಬಿಟ್ಟರೆ ಮೊದಲಿಗೆ ಏನೂ ಆಗುವುದಿಲ್ಲ. ಆಮೇಲೆ ತುಂಡಿನ ಮೈ ಕಂದಾಗುತ್ತದೆ, ಮಂದ ಕೆಂಪಿಗೆ ತಿರುಗುತ್ತದೆ. ಆಗಲೇ ಆನೋಡ್ ಕರೆಂಟ್ ತೋರಿಸುವ ಮೀಟರಿನ ಮುಳ್ಳು ತಟ್ಟನೆ ಕೆಳಗೆ ಬೀಳುತ್ತದೆ. ಹೊಸಬರು ಏನೋ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ನಿಜಕ್ಕೂ ಯಂತ್ರ ಸರಿಯಾಗಿ ಓಡುತ್ತಿರುವ ಗುರುತು ಅದು. ಸುಮಾರು 770 ಡಿಗ್ರಿಯಲ್ಲಿ ಕಬ್ಬಿಣ ತನ್ನ ಕಾಂತಗುಣ ಕಳೆದುಕೊಳ್ಳುತ್ತದೆ. ಕಾಯಿಲಿಗೆ ಇದ್ದ ಹಿಡಿತ ಸಡಿಲವಾಗಿ, ಎಳೆಯುವ ಕರೆಂಟು ಇಳಿಯುತ್ತದೆ.

ಇಲ್ಲಿಂದ ಲೆಕ್ಕ ಶುರು. ಆ ಅರ್ಧ ಕಿಲೋ ತುಂಡು ಒಂದು ನಿಮಿಷದಲ್ಲಿ 850 ಡಿಗ್ರಿಗೆ ಏರಿದರೆ ಜಾಬಿಗೆ ಸೇರುತ್ತಿರುವುದು ಸುಮಾರು 5 ಕಿಲೋವ್ಯಾಟ್. ಕಾಯಿಲಿನಿಂದ ಬರುವ ನೀರು ನಿಮಿಷಕ್ಕೆ ಒಂದು ಲೀಟರಿನಂತೆ ಹರಿದು 10 ಡಿಗ್ರಿ ಬಿಸಿಯಾಗಿದ್ದರೆ ಅಲ್ಲಿ ಹೋಗುತ್ತಿರುವುದು 0.7 ಕಿಲೋವ್ಯಾಟ್. ವಾಲ್ವಿನ ನೀರಿನದ್ದನ್ನೂ ಹೀಗೆಯೇ ಅಳೆದು, ಒಳಬರುವ ಕರೆಂಟನ್ನು ತಂತಿಗೆ ಕಚ್ಚಿಸಿ ಅಳೆಯುವ ಟಾಂಗ್ ಟೆಸ್ಟರಿನಲ್ಲಿ ನೋಡಿದರೆ ಜಮಾ–ಖರ್ಚು ಪೂರ್ತಿ ಸಿಗುತ್ತದೆ. ಒಳಬಂದ ವಿದ್ಯುತ್ತಿನಲ್ಲಿ ಅರ್ಧದ ಆಸುಪಾಸು ಜಾಬಿಗೆ ತಲುಪಿದರೆ ವಾಲ್ವ್ ಯಂತ್ರದ ಮಟ್ಟಿಗೆ ಅದು ಒಳ್ಳೆಯ ಅಂಕ.

ಗಟ್ಟಿತನದ ಪರೀಕ್ಷೆ ಇನ್ನೂ ಸರಳ. ನೀರು ಹೊಡೆದು ತಣಿಸಿದ ತುಂಡಿನ ಮೇಲೆ ಅರ ಎಳೆಯಬೇಕು. ಹದವಾಗದ ಉಕ್ಕಿನಲ್ಲಿ ಅರ ಕಚ್ಚಿಕೊಂಡು ಪುಡಿ ಉದುರಿಸುತ್ತದೆ. ಹದವಾಗಿದ್ದರೆ ಗಾಜಿನ ಮೇಲೆ ಎಳೆದಂತೆ ಜಾರುತ್ತದೆ. ನಿಖರ ಅಂಕಿ ಬೇಕಾದರೆ ರಾಕ್‌ವೆಲ್ ಯಂತ್ರವಿರುವ ಹೀಟ್ ಟ್ರೀಟ್‌ಮೆಂಟ್ ಅಂಗಡಿಗೆ ಒಯ್ಯಬೇಕು.

ಮನೆ, ನೆರೆ, ಮೀಟರು

ಯಂತ್ರ ಓಡಿತು ಎಂದಮಾತ್ರಕ್ಕೆ ಮನೆಯಲ್ಲಿ ಓಡಿಸಬಹುದು ಎಂದಲ್ಲ. 20–25 ಕಿಲೋವ್ಯಾಟಿನ ಯಂತ್ರವನ್ನು ಮನೆಗೆ ಮಂಜೂರಾದ ಕೆಲವೇ ಕಿಲೋವ್ಯಾಟಿನ ಲೋಡು ತಾಳುವುದಿಲ್ಲ. ಮನೆ ಮೀಟರಿನಲ್ಲಿ ಜಾಬ್ ವರ್ಕ್ ನಡೆಸುವುದಕ್ಕೆ ಬೆಸ್ಕಾಂ ನಿಯಮವೂ ಒಪ್ಪುವುದಿಲ್ಲ. ಅದಕ್ಕೆ ಕೈಗಾರಿಕಾ ಸಂಪರ್ಕವೇ ಬೇಕು. ಇದ್ದಿಲು, ಉಪ್ಪು ತುಂಬಿದ ಪ್ರತ್ಯೇಕ ಅರ್ತ್ ಗುಂಡಿಯೂ ಬೇಕು.

ಇನ್ನೊಂದು ತಕರಾರು ಕಿವಿಗೆ ಬೀಳುವಂಥದ್ದು. ವಾಲ್ವ್ ಯಂತ್ರ ಒಂದು ರೀತಿಯಲ್ಲಿ ರೇಡಿಯೊ ಟ್ರಾನ್ಸ್‌ಮಿಟರೇ. 306 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಓಡಿದರೆ ಅದರ ಎರಡು ಪಟ್ಟು ಸರಿಯಾಗಿ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಮೇಲೆ ಬೀಳುತ್ತದೆ. ಪಕ್ಕದ ಮನೆಯ ಹಳೆಯ ರೇಡಿಯೊ ಗುರ್ ಎನ್ನುತ್ತದೆ. ಪೆಟ್ಟಿಗೆಯ ಎಲ್ಲ ತಗಡುಗಳನ್ನೂ ಎಲ್ಲ ಸ್ಕ್ರೂಗಳನ್ನೂ ವಾಪಸ್ ಬಿಗಿಯಬೇಕು ಎನ್ನುವುದು ಅದಕ್ಕೇ.

ಮೂರು ದಾರಿ

ಪರೀಕ್ಷೆಯೆಲ್ಲ ಮುಗಿದ ಮೇಲೆ ಮಾಲೀಕರ ಮುಂದೆ ಮೂರು ದಾರಿಗಳಿವೆ. ವಾಲ್ವ್ ಗಟ್ಟಿಮುಟ್ಟಾಗಿದ್ದರೆ ಇದ್ದಂತೆಯೇ ಓಡಿಸಬಹುದು, ಆದರೆ ಅದು ಹೋದ ದಿನ ಬದಲಿ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಎರಡನೆಯದು, ಚೌಕಟ್ಟು, ನೀರಿನ ವ್ಯವಸ್ಥೆ, ಕಾಯಿಲು ಉಳಿಸಿಕೊಂಡು ವಾಲ್ವಿನ ಜಾಗಕ್ಕೆ ಸೆಮಿಕಂಡಕ್ಟರ್ ಸ್ವಿಚ್ಚುಗಳಾದ ಐಜಿಬಿಟಿ ಅಥವಾ ಮಾಸ್‌ಫೆಟ್ ಬೋರ್ಡು ಕೂರಿಸುವುದು. 415 ವೋಲ್ಟನ್ನು ನೇರವಾಗಿ ಸುಮಾರು 560 ವೋಲ್ಟ್ ಡಿಸಿ ಮಾಡಿಕೊಂಡು ಅದು ಕೆಲಸ ಮಾಡುತ್ತದೆ, ಸಾವಿರಾರು ವೋಲ್ಟಿನ ಗೊಡವೆಯಿಲ್ಲ, ಕರೆಂಟೂ ಉಳಿಯುತ್ತದೆ. ಆದರೆ ಫ್ರೀಕ್ವೆನ್ಸಿ ಬದಲಾದರೆ ಹದ ಇಳಿಯುವ ಆಳವೂ ಬದಲಾಗುತ್ತದೆ. ಹಳೆಯ ಕಾಯಿಲುಗಳನ್ನೆಲ್ಲ ಮತ್ತೆ ಮಾಡಬೇಕಾಗಬಹುದು.

ಮೂರನೆಯದು, ಬಿಚ್ಚಿ ಗುಜರಿಗೆ ಹಾಕುವುದು. ಎಷ್ಟೋ ಸಲ ಪ್ರಾಮಾಣಿಕ ಪರೀಕ್ಷೆಯ ಫಲಿತಾಂಶ ಇದೇ, ಇದರಲ್ಲಿ ಸೋಲೇನೂ ಇಲ್ಲ. ಆದ್ದರಿಂದ ಕೊಳ್ಳುವವರು ಟೆಂಪೊ ಮಾತಾಡುವ ಮೊದಲೇ ಮೆಗ್ಗರ್ ಹಿಡಿದು ಗುಜರಿಗೆ ಹೋಗುವುದು ಒಳ್ಳೆಯದು. ಕೆಪಾಸಿಟರಿನ ಲೇಬಲ್ ಓದಿ, ಕಾಯಿಲಿನ ಕೊಳವೆ ಊದಿ, ಟ್ರಾನ್ಸ್‌ಫಾರ್ಮರ್ ಅಳೆದು ನೋಡಿ. ಮೂರೂ ಪಾಸಾದರೆ ಯಂತ್ರದ ಬೆಲೆ ಮಾತಾಡಿ. ಟ್ರಾನ್ಸ್‌ಫಾರ್ಮರ್ ಒಂದೇ ಫೇಲಾದರೂ ತಾಮ್ರದ ತೂಕದ ಮೇಲೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ.